ಗಾಯಗೊಂಡ ಮನಸ್ಸಿಗೆ ಮೊದಲ ಮದ್ದು ಸುರಕ್ಷತೆ



ಮೈಗೆ ಗಾಯವಾದರೆ ನಾವು ತಡಮಾಡದೆ ಆಸ್ಪತ್ರೆಗೆ ಓಡುತ್ತೇವೆ. ಮನಸ್ಸಿಗೆ ಗಾಯವಾದರೆ ಮಾತ್ರ "ಎಲ್ಲ ಮರೆತುಬಿಡಿ, ಪ್ರಾರ್ಥನೆ ಮಾಡಿ" ಎಂದು ಹೇಳಿ ಕಳುಹಿಸುತ್ತೇವೆ. ಗುರುಗಳಾದ ನಾವೂ ಈ ಮಾತನ್ನು ಎಷ್ಟೋ ಬಾರಿ ಹೇಳಿದ್ದೇವೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೇವೆ. ಆದರೆ ಹಾಗೆ ಕೇಳಿ ಹೋದವರಲ್ಲಿ ಕೆಲವರು ಮತ್ತೆಂದೂ ನಮ್ಮ ಮುಂದೆ ಬಾಯಿ ತೆರೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಇಂಥವರಿಗೆ ಆಪ್ತಸಮಾಲೋಚಕರು ಹೇಗೆ ನೆರವಾಗುತ್ತಾರೆ, ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಾವು ಅದರಿಂದ ಏನು ಕಲಿಯಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಆಘಾತ ಎಂದರೇನು?

'ಟ್ರಾಮಾ' ಗ್ರೀಕ್ ಮೂಲದ ಪದ. ಅದರ ಅರ್ಥ ಗಾಯ. ಅಪಘಾತ, ಸಮುದ್ರದಲ್ಲಿ ದೋಣಿ ಮಗುಚುವುದು, ಮನೆಯೊಳಗಿನ ಹೊಡೆತ, ಬಾಲ್ಯದಲ್ಲಿ ನಡೆದ ಲೈಂಗಿಕ ದೌರ್ಜನ್ಯ, ಪ್ರೀತಿಪಾತ್ರರ ಹಠಾತ್ ಸಾವು ಇವೆಲ್ಲ ಮನಸ್ಸನ್ನು ಗಾಯಗೊಳಿಸಬಲ್ಲವು. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ 158 ಮಂದಿ ಮಡಿದರು. ಅಂಥ ಒಂದು ದಿನ ಎಷ್ಟು ಮನೆಗಳ ನಿದ್ದೆ ಕೆಡಿಸಬಲ್ಲದು ಎಂಬುದನ್ನು ಕರಾವಳಿಯವರಾದ ನಮಗೆ ವಿವರಿಸಬೇಕಾಗಿಲ್ಲ.

ಆದರೆ ಕಷ್ಟ ಅನುಭವಿಸಿದವರೆಲ್ಲ ರೋಗಿಗಳಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ಸುಮಾರು 70 ಶೇಕಡಾ ಜನರು ಜೀವನದಲ್ಲಿ ಒಮ್ಮೆಯಾದರೂ ಇಂಥ ಘಟನೆ ಎದುರಿಸುತ್ತಾರೆ. ಅವರಲ್ಲಿ 5.6 ಶೇಕಡಾ ಮಂದಿಗೆ ಮಾತ್ರ ಪಿಟಿಎಸ್‌ಡಿ ಎಂಬ ದೀರ್ಘಕಾಲದ ತೊಂದರೆ ಕಾಣಿಸಿಕೊಳ್ಳುತ್ತದೆ. ಉಳಿದವರು ಬಹುತೇಕ ತಮ್ಮವರ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ. ಆದುದರಿಂದ ಕುಟುಂಬದ ಮತ್ತು ವಾರ್ಡಿನವರ ಆಸರೆ ಸಣ್ಣ ವಿಷಯವಲ್ಲ.

ಪ್ರಶ್ನೆಯೇ ಬೇರೆ

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಕಡಲಿನಲ್ಲಿ ಜೊತೆಗಾರನನ್ನು ಕಳೆದುಕೊಂಡು ತಾನೊಬ್ಬನೇ ಬದುಕಿ ಬಂದ ಮೀನುಗಾರ. ರಾತ್ರಿ ಬೆಚ್ಚಿ ಏಳುತ್ತಾನೆ. ದೋಣಿ ಹತ್ತಲು ಒಪ್ಪುವುದಿಲ್ಲ. ಕುಡಿತ ಶುರುವಾಗಿದೆ. ಸಣ್ಣ ಶಬ್ದಕ್ಕೂ ಹೆಂಡತಿಯ ಮೇಲೆ ರೇಗುತ್ತಾನೆ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಆರು ವರ್ಷದ ಮಗನಿಗೆ ಮತ್ತೆ ಬಂದಿದೆ. ಊರಿನವರ ಕಣ್ಣಿಗೆ ಅವನು ಸೋಮಾರಿ, ಕುಡುಕ. "ಇವನಿಗೆ ಏನು ದೊಡ್ಡ ರೋಗ?" ಎಂಬುದು ಅವರ ಪ್ರಶ್ನೆ. ಆಘಾತವನ್ನು ಅರಿತ ಸಮಾಲೋಚಕರು ಕೇಳುವುದು "ಇವರಿಗೆ ಏನಾಯಿತು?" ಎಂದು. ಅಪಾಯ ಕಳೆದರೂ ಅವನ ಮಿದುಳು ಅಪಾಯದ ಗಂಟೆ ಬಾರಿಸುತ್ತಲೇ ಇದೆ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಅವನು ಬೇಕೆಂದು ಮಾಡುವುದಲ್ಲ.

ಚಿಕಿತ್ಸೆಯ ಮೂರು ಹಂತಗಳು

ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚೇತರಿಕೆಯ ಮೂರು ಹಂತಗಳನ್ನು ವಿವರಿಸಿದ್ದಾರೆ. ಮೊದಲನೆಯದು ಸುರಕ್ಷತೆ. ಸಮಾಲೋಚಕರು ಮೊದಲ ದಿನವೇ ಇಡೀ ಕಥೆ ಹೇಳಿಸುವುದಿಲ್ಲ. ಎಲ್ಲಿ ಕುಳಿತರೆ ಹಾಯೆನಿಸುತ್ತದೆ ಎಂದು ವಿಚಾರಿಸುತ್ತಾರೆ. ಯಾವುದು ಗುಟ್ಟಾಗಿ ಉಳಿಯುತ್ತದೆ, ಯಾವುದನ್ನು ಕಾನೂನು ಪ್ರಕಾರ ತಿಳಿಸಲೇಬೇಕಾಗುತ್ತದೆ ಎಂದು ಮುಂಚಿತವಾಗಿ ಹೇಳುತ್ತಾರೆ. ನಿದ್ದೆ, ಊಟ, ಉಸಿರಾಟದ ಅಭ್ಯಾಸಗಳಿಗೆ ಗಮನ ಕೊಡುತ್ತಾರೆ. ಎರಡನೆಯದು ನೆನಪು ಮತ್ತು ಶೋಕ. ಮನಸ್ಸು ಸ್ವಲ್ಪ ಸ್ಥಿರವಾದ ಮೇಲೆ, ಆ ವ್ಯಕ್ತಿಯ ಒಪ್ಪಿಗೆಯೊಂದಿಗೆ, ಅವರಿಗೆ ತಾಳುವಷ್ಟೇ ಪ್ರಮಾಣದಲ್ಲಿ ನಡೆದುದನ್ನು ಮಾತಿಗೆ ತರಲಾಗುತ್ತದೆ. ಮೂರನೆಯದು ಕುಟುಂಬ, ಕೆಲಸ, ಸಮುದಾಯಗಳೊಂದಿಗೆ ಮತ್ತೆ ಬೆರೆಯುವುದು.

ಕುಟುಂಬವನ್ನೂ ಕೂರಿಸಿಕೊಂಡು ಮಾತನಾಡಲಾಗುತ್ತದೆ. ಗಂಡನ ಸಿಟ್ಟಿನ ಹಿಂದೆ ಭಯವಿದೆ ಎಂದು ಹೆಂಡತಿಗೆ ತಿಳಿಯುತ್ತದೆ. ಆದರೆ ಭಯವಿದೆಯೆಂದು ಕೈ ಎತ್ತಲು ಅನುಮತಿಯಿಲ್ಲ ಎಂಬುದು ಗಂಡನಿಗೂ ಸ್ಪಷ್ಟವಾಗುತ್ತದೆ. ಅಪ್ಪನ ಸಿಟ್ಟಿಗೆ ತಾನು ಕಾರಣನಲ್ಲ ಎಂದು ಮಗುವಿಗೆ ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆ.

ಗಾಯ ಪಾಪವಲ್ಲ

ಇಲ್ಲಿ ಗುರುಗಳಿಗೆ ಮತ್ತು ಧರ್ಮಭಗಿನಿಯರಿಗೆ ಸಂಬಂಧಿಸಿದ ಮಾತೊಂದಿದೆ. ದೌರ್ಜನ್ಯಕ್ಕೆ ಒಳಗಾದವರು ಹಲವು ಬಾರಿ ತಮಗಾದುದನ್ನೇ ತಮ್ಮ ಪಾಪವೆಂದು ತಿಳಿದು ಪಾಪನಿವೇದನೆಗೆ ಬರುತ್ತಾರೆ. "ಇದು ನಿಮ್ಮ ತಪ್ಪಲ್ಲ" ಎಂದು ಅವರಿಗೆ ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ಕ್ಷಮಿಸುವಂತೆ ಅವಸರಪಡಿಸುವುದು ಬೇಡ. ಕ್ಷಮೆ ದೇವರ ವರ. ಒತ್ತಾಯದಿಂದ ಅದು ಬರುವುದಿಲ್ಲ.

ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಇದು ನಿಮ್ಮ ಶಿಲುಬೆ, ಹೊತ್ತುಕೊಳ್ಳಿ" ಎಂದು ಹೇಳಿ ಹಿಂದಕ್ಕೆ ಕಳುಹಿಸುವುದೂ ಸರಿಯಲ್ಲ. ಸಂಗಾತಿಯಿಂದ ದೇಹಕ್ಕೆ ಅಥವಾ ಆತ್ಮಕ್ಕೆ ಗಂಭೀರ ಅಪಾಯವಿರುವಾಗ ಬೇರೆ ವಾಸಿಸಲು ಧರ್ಮಸಭೆಯ ಕಾನೂನಿನ 1153ನೇ ವಿಧಿಯೇ ಅವಕಾಶ ಕೊಡುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಕ್ರೈಸ್ತ ಶಿಕ್ಷಣದ ಶಿಕ್ಷಕರ ಅಥವಾ ಗುರಿಕಾರರ ಗಮನಕ್ಕೆ ಬಂದರೆ, 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮನೆತನದ ಮರ್ಯಾದೆ, ಚರ್ಚಿನ ಹೆಸರು ಎಂದು ಮುಚ್ಚಿಡುವಂತಿಲ್ಲ.

ನಾವು ಮಾಡಬಹುದಾದುದು

ದುರಂತ ನಡೆದ ಮನೆಗೆ ಹೋದಾಗ ವಿವರ ಕೆದಕಬಾರದು. ಊಟ, ನೀರು, ಮಲಗಲು ಜಾಗ, ಮಕ್ಕಳನ್ನು ನೋಡಿಕೊಳ್ಳುವವರು ಇದ್ದಾರೆಯೇ ಎಂದು ಮೊದಲು ನೋಡಬೇಕು. ಅವರಾಗಿ ಮಾತನಾಡಿದರೆ ತಾಳ್ಮೆಯಿಂದ ಕೇಳಬೇಕು. "ದೇವರ ಚಿತ್ತ" ಎಂದು ಬೇಗನೆ ಹೇಳಿ ಮುಗಿಸಬಾರದು. ತಿಂಗಳು ಕಳೆದರೂ ನಿದ್ದೆ ಇಲ್ಲದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ ತರಬೇತಾದ ಸಮಾಲೋಚಕರ ಅಥವಾ ಮನೋವೈದ್ಯರ ಬಳಿ ಕಳುಹಿಸಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬಾರದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಮಕ್ಕಳಿಗಾಗಿ 1098, ಮಹಿಳೆಯರಿಗಾಗಿ 181 ಇದೆ. ಈ ಮೂರು ಸಂಖ್ಯೆಗಳನ್ನು ಪ್ರತಿ ಚರ್ಚಿನ ಸೂಚನಾ ಫಲಕದಲ್ಲಿ ಹಾಕುವಂತೆ ಪಾಲನಾ ಮಂಡಳಿಗಳಲ್ಲಿ ನಮ್ಮ ವಿನಂತಿ.

ಹಾಗಾದರೆ ಪ್ರಾರ್ಥನೆ ಬೇಡವೇ? ಖಂಡಿತ ಬೇಕು. ಸಾಯಬೇಕೆಂದು ಬೇಡಿಕೊಂಡು ಮರದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು. ದೇವರ ಮೆಲುದನಿ ಎಲೀಯನಿಗೆ ಕೇಳಿಸಿದ್ದು ಆಮೇಲೆ. ಎಮ್ಮಾವುಸಿನ ದಾರಿಯಲ್ಲಿ ಯೇಸುಸ್ವಾಮಿ ಕೂಡ ಮೊದಲು ಶಿಷ್ಯರ ಜೊತೆ ನಡೆದರು, ಅವರ ದುಃಖವನ್ನು ಕೇಳಿದರು, ನಂತರವೇ ವಿವರಿಸಿದರು. ಪುನರುತ್ಥಾನರಾದ ಪ್ರಭುವಿನ ಕೈಗಳಲ್ಲಿ ಗಾಯದ ಗುರುತುಗಳು ಉಳಿದೇ ಇದ್ದವು. ಗುಣವಾಗುವುದೆಂದರೆ ನಡೆದುದೆಲ್ಲ ಮರೆತುಹೋಗುವುದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುವವರಲ್ಲಿ ಯಾರು ಇಂಥ ಗಾಯ ಹೊತ್ತಿದ್ದಾರೋ ನಮಗೆ ತಿಳಿಯದು. ಈ ಭಾನುವಾರ ಅವರನ್ನು ಮಾತನಾಡಿಸುವಾಗ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.