ಕಚ್ಚಾ ಉಣ್ಣೆಯ ಖರೀದಿ: ತೂಕ, ದರ್ಜೆ ಮತ್ತು ಲೆಕ್ಕಪತ್ರ

ಚಿತ್ರದುರ್ಗ, ಬಳ್ಳಾರಿ, ಹಾವೇರಿ, ಬೆಳಗಾವಿ ಮೊದಲಾದ ಜಿಲ್ಲೆಗಳ ಕುರಿಗಾಹಿ ಕುಟುಂಬಗಳು ಸಾಕುವ ದಖನಿ ಕುರಿಯ ಉಣ್ಣೆಯು ನಮ್ಮ ಕಂಬಳಿ ಉದ್ಯಮದ ಮೂಲದ್ರವ್ಯವಾಗಿದೆ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿದ್ದ ಕುರಿಗಳ ಸಂಖ್ಯೆ ಸುಮಾರು 1.11 ಕೋಟಿ. ಆದರೂ ಉಣ್ಣೆ ಮಾರಿ ಬರುವ ಹಣವು ಕತ್ತರಿಸುವವರ ಕೂಲಿಗೂ ಸಾಲದೆಂದು ತುಪ್ಪಟವನ್ನು ಬಿಸಾಡುವ ಹಟ್ಟಿಗಳು ಇಂದು ಅನೇಕ. ಮಾಂಸದ ಬೇಡಿಕೆಯನ್ನು ಅನುಸರಿಸಿ, ಉಣ್ಣೆ ಬಾರದ ತಳಿಗಳತ್ತ ಕುರಿಗಾಹಿಗಳು ವಾಲುತ್ತಿದ್ದಾರೆ. ಈ ಪ್ರವೃತ್ತಿ ಮುಂದುವರಿದರೆ ನಷ್ಟ ಹಟ್ಟಿಗಷ್ಟೇ ಅಲ್ಲ. ಚಳ್ಳಕೆರೆ, ಮೇಡ್ಲೇರಿಗಳ ನೇಕಾರರಿಗೂ ಅವರನ್ನು ಆಶ್ರಯಿಸಿದ ವರ್ತಕರಿಗೂ ಕಚ್ಚಾಮಾಲಿನ ಕೊರತೆ ತಪ್ಪದು. ಆದುದರಿಂದ ಖರೀದಿಯ ಕ್ರಮವನ್ನು ವ್ಯಾಪಾರಿಗಳು ಪುನಃ ಪರಿಶೀಲಿಸುವುದು ಅಗತ್ಯ.

ತೂಕವಲ್ಲ, ಇಳುವರಿ

ಕಚ್ಚಾ ಉಣ್ಣೆಯಲ್ಲಿ ನಾರಿನೊಡನೆ ಜಿಡ್ಡು, ಬೆವರಿನ ಲವಣ, ಧೂಳು, ಮುಳ್ಳುಕಾಯಿ ಹಾಗೂ ಹಿಕ್ಕೆ ಸೇರಿರುತ್ತವೆ. ಅಲ್ಲದೆ, ಉಣ್ಣೆಯು ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒಣಗಿದಂತೆಯೇ ತೋರಬಹುದು. ಹೀಗಾಗಿ ತಕ್ಕಡಿಯ ತೂಕವನ್ನು ಮಾತ್ರ ನಂಬಿದವನು ಮಣ್ಣಿಗೂ ನೀರಿಗೂ ಹಣ ತೆತ್ತಂತಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ‘ಅ’ ಎಂಬ ಮಾಲಿನ ದರ ಕಿಲೋಗೆ 24 ರೂಪಾಯಿ. ತೊಳೆದ ನಂತರ ನೂರು ಕಿಲೋಗೆ 80 ಕಿಲೋ ಶುದ್ಧ ಉಣ್ಣೆ ದೊರೆಯುತ್ತದೆ. ‘ಆ’ ಎಂಬ ಮಾಲಿನ ದರ 21 ರೂಪಾಯಿ. ದೊರೆಯುವುದು 60 ಕಿಲೋ. ಶುದ್ಧ ಉಣ್ಣೆಯ ಲೆಕ್ಕದಲ್ಲಿ ‘ಅ’ ಕಿಲೋಗೆ 30 ರೂಪಾಯಿ ಬಿದ್ದರೆ, ಅಗ್ಗವೆಂದು ತೋರಿದ ‘ಆ’ 35 ರೂಪಾಯಿ ಬೀಳುತ್ತದೆ. ಪ್ರತಿ ಮಾಲಿನಿಂದ ಒಂದು ಕಿಲೋ ಮಾದರಿಯನ್ನು ತೊಳೆದು, ಒಣಗಿಸಿ, ತೂಗಿ ನೋಡುವುದು ಯಾವುದೇ ವ್ಯಾಪಾರಿಗೆ ಸಾಧ್ಯವಾದ ಪರೀಕ್ಷೆ.

ವಿಂಗಡಣೆಯ ಫಲ

ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ ಉಣ್ಣೆಗೆ ವ್ಯಾಪಾರಿ ಅದರಲ್ಲಿರುವ ಅತ್ಯಂತ ಕೀಳು ಭಾಗದ ದರವನ್ನೇ ಕಟ್ಟುತ್ತಾನೆ. ಆದುದರಿಂದ ಮಾರುವವರಿಗೆ ಈ ಕೆಳಗಿನ ಅಂಶಗಳನ್ನು ಮೊದಲೇ ತಿಳಿಸಿ, ಪಾಲಿಸಿದವರಿಗೆ ಹೆಚ್ಚಿನ ದರ ನೀಡುವುದು ಉಚಿತ:

1. ಕತ್ತರಿಸುವ ಮುನ್ನ ಕುರಿಗಳನ್ನು ನೀರಿನಲ್ಲಿ ತೊಳೆದು, ಮೈ ಪೂರ್ಣ ಒಣಗಿದ ಮೇಲೆ ಶುಚಿಯಾದ ನೆಲದ ಮೇಲೆ ಕತ್ತರಿಸಬೇಕು.
2. ಮರಿಗಳ ಮೊದಲ ಕಟಾವಿನ ಮೃದು ಉಣ್ಣೆಯನ್ನು ಬೇರೆ ಇಡಬೇಕು.
3. ಕಪ್ಪು ಮತ್ತು ಬಿಳಿ ಉಣ್ಣೆ ಬೆರೆಯಬಾರದು. ಬಣ್ಣ ಹಾಕದೆಯೇ ಕರಿಕಂಬಳಿಯಾಗುವುದು ಕಪ್ಪು ಉಣ್ಣೆಯ ವಿಶೇಷ.
4. ಹೊಟ್ಟೆ, ಕಾಲು, ಬಾಲದ ಭಾಗದ ಕೊಳೆಯಾದ ಉಣ್ಣೆಯನ್ನೂ ಗುರುತಿಗಾಗಿ ಬಣ್ಣ ಬಳಿದ ಭಾಗವನ್ನೂ ತೆಗೆದುಹಾಕಬೇಕು.
5. ಪ್ಲಾಸ್ಟಿಕ್ ಗೊಬ್ಬರದ ಚೀಲಗಳನ್ನು ಬಳಸಬಾರದು. ಅವುಗಳ ಎಳೆ ಉಣ್ಣೆಯಲ್ಲಿ ಸೇರಿದರೆ ನೂಲು ಕೆಡುತ್ತದೆ.

ಕೂಲಿಯ ಲೆಕ್ಕ

ಕತ್ತರಿಸುವ ಕೂಲಿಯನ್ನು ಪೂರ್ತಿಯಾಗಿ ಉಣ್ಣೆಯ ತಲೆಗೆ ಕಟ್ಟುವುದು ಲೆಕ್ಕಶಾಸ್ತ್ರದ ದೃಷ್ಟಿಯಿಂದ ಸರಿಯಲ್ಲ. ಸೆಕೆ, ಹೇನು, ಉಣ್ಣಿಗಳ ಬಾಧೆ ತಪ್ಪಿಸಲು ಉಣ್ಣೆಯ ಕುರಿಗೆ ಕಟಾವು ಹೇಗೂ ಅನಿವಾರ್ಯ. ಅದು ಹಿಂಡಿನ ಪಾಲನೆಯ ವೆಚ್ಚ. ಉಣ್ಣೆಯನ್ನು ಮಾರಬೇಕೆ, ಬಿಸಾಡಬೇಕೆ ಎಂಬ ತೀರ್ಮಾನಕ್ಕೆ ವಿಂಗಡಣೆ, ಚೀಲ ಮತ್ತು ಸಾಗಣೆಯ ಹೆಚ್ಚುವರಿ ವೆಚ್ಚವಷ್ಟೇ ಆಧಾರವಾಗಬೇಕು.

ಸಾಗಣೆಯೇ ಇಲ್ಲಿ ದೊಡ್ಡ ತೊಡಕು. ಒಂದು ಕಟಾವಿಗೆ ಕುರಿಯೊಂದಕ್ಕೆ 300 ಗ್ರಾಂ ಎಂದಿಟ್ಟುಕೊಂಡರೆ 60 ಕುರಿಗಳ ಕುಟುಂಬಕ್ಕೆ ದೊರೆಯುವುದು 18 ಕಿಲೋ. ಮೇಲಿನ 24 ರೂಪಾಯಿ ದರದಲ್ಲಿ 432 ರೂಪಾಯಿ. ಇದಕ್ಕಾಗಿ ಯಾರೂ ಪೇಟೆಗೆ ಬರಲಾರರು. ಹತ್ತು ಕುಟುಂಬಗಳ 180 ಕಿಲೋ ಒಂದೇ ದಿನ ಒಂದೇ ಹಟ್ಟಿಯಲ್ಲಿ ಸಿಗುವುದಾದರೆ ವ್ಯಾಪಾರಿಯೇ ವಾಹನ ಕಳಿಸಬಹುದು. ಕಟಾವಿನ ದಿನವನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ಉಭಯರಿಗೂ ಲಾಭ. ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘಗಳಿರುವೆಡೆ ಅವುಗಳ ಮೂಲಕವೂ ಈ ವ್ಯವಸ್ಥೆ ಮಾಡಿಕೊಳ್ಳಬಹುದು.

ತೆರಿಗೆಯ ಅಂಶಗಳು

ಹಿಂಜದ, ಬಾಚದ ಉಣ್ಣೆ (ಶೀರ್ಷಿಕೆ 5101) ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಪಡೆದಿದೆ. ತೊಳೆದ ಮಾತ್ರಕ್ಕೆ ಈ ವಿನಾಯಿತಿ ಹೋಗುವುದಿಲ್ಲ. ಆದರೆ ಹಿಂಜಿದೊಡನೆ ಅದು ಶೀರ್ಷಿಕೆ 5105ಕ್ಕೆ ಸೇರಿ ಶೇಕಡಾ 5ರ ತೆರಿಗೆಗೆ ಒಳಪಡುತ್ತದೆ. ಕಚ್ಚಾ ಹತ್ತಿಯನ್ನು ಕೃಷಿಕರಿಂದ ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ತೆರಿಗೆ ಕಟ್ಟಬೇಕೆಂಬ ನಿಯಮ ಉಣ್ಣೆಗೆ ಅನ್ವಯಿಸದು. ಈ ಎರಡನ್ನು ಬೆರೆಸಿಕೊಳ್ಳಬಾರದು. ಕಚ್ಚಾ ಉಣ್ಣೆಯನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಅದರ ಜೊತೆಗೆ ನೂಲನ್ನೋ ಕಂಬಳಿಯನ್ನೋ ಮಾರುವವರು 40 ಲಕ್ಷ ರೂಪಾಯಿಗಳ ಮಿತಿಯನ್ನು ಲೆಕ್ಕ ಹಾಕುವಾಗ ವಿನಾಯಿತಿಯುಳ್ಳ ಉಣ್ಣೆಯ ವಹಿವಾಟನ್ನೂ ಸೇರಿಸಬೇಕೆಂಬುದನ್ನು ಮರೆಯಬಾರದು.

ಆದಾಯ ತೆರಿಗೆಯಲ್ಲಿ ನಗದು ಪಾವತಿಯ ವಿಷಯ ಮುಖ್ಯ. 1961ರ ಕಾಯ್ದೆಯ 40ಎ(3) ಕಲಮಿನಂತೆ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚವನ್ನು ಮಾನ್ಯ ಮಾಡಲಾಗದು. ಆದರೆ 6ಡಿಡಿ ನಿಯಮವು ಪಶುಸಂಗೋಪನೆಯ ಉತ್ಪನ್ನಗಳನ್ನು ಉತ್ಪಾದಕರಿಂದಲೇ ನೇರವಾಗಿ ಕೊಂಡಾಗ ರಿಯಾಯಿತಿ ನೀಡಿತ್ತು. ದಲ್ಲಾಳಿಯಿಂದ ಅಥವಾ ಮತ್ತೊಬ್ಬ ವ್ಯಾಪಾರಿಯಿಂದ ಕೊಂಡ ಮಾಲಿಗೆ ಅದು ಸಲ್ಲದು. 2026ರ ಏಪ್ರಿಲ್ 1ರಿಂದಾಚೆಯ ವ್ಯವಹಾರಗಳಿಗೆ 2025ರ ಕಾಯ್ದೆ ಅನ್ವಯಿಸುವುದರಿಂದ ಸಂಬಂಧಪಟ್ಟ ಕಲಂ ಮತ್ತು ನಿಯಮಗಳನ್ನು ತಮ್ಮ ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಯಾವ ರಿಯಾಯಿತಿಗೂ ಪುರಾವೆ ಬೇಕು. ಪ್ರತಿ ಖರೀದಿಗೂ ಚೀಟಿ ಬರೆದು, ಮಾರಿದವರ ಹೆಸರು, ಊರು, ಕುರಿಗಳ ಸಂಖ್ಯೆ, ದರ್ಜೆವಾರು ತೂಕ, ದರ ಮತ್ತು ಮೊತ್ತವನ್ನು ನಮೂದಿಸಿ, ಸಹಿ ಅಥವಾ ಹೆಬ್ಬೆಟ್ಟಿನ ಗುರುತನ್ನು ಪಡೆಯಬೇಕು. ಅದರ ಪ್ರತಿಯೊಂದನ್ನು ಮಾರಿದವರಿಗೂ ಕೊಡುವುದು ಒಳ್ಳೆಯದು. ಯಾವ ದರ್ಜೆಗೆ ಎಷ್ಟು ದರ ಬಂದಿತೆಂಬುದು ಕೈಯಲ್ಲಿ ಬರಹವಾಗಿ ಉಳಿದಾಗ ಮುಂದಿನ ಕಟಾವಿನಲ್ಲಿ ಉಣ್ಣೆಯನ್ನು ವಿಂಗಡಿಸಲು ಕುರಿಗಾಹಿಗೆ ಕಾರಣ ದೊರೆಯುತ್ತದೆ. ಒಳ್ಳೆಯ ಮಾಲಿಗೆ ಒಳ್ಳೆಯ ದರ ಕೊಡುವ ವ್ಯಾಪಾರಿಗೇ ಮುಂದಿನ ವರ್ಷವೂ ಮಾಲು ಸಿಗುತ್ತದೆ.