ಕರಾಟೆ, ಟೇಕ್ವಾಂಡೋ, ಜೂಡೋ: ಶಾಲೆಯ ಆತ್ಮರಕ್ಷಣಾ ತರಬೇತಿಗೆ ಯಾವುದು?

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ತಾನು ಕಲಿತ ಕರಾಟೆ ‘ಕಟಾ’ವನ್ನು, ಅಂದರೆ ಒಬ್ಬಳೇ ಮಾಡುವ ಕ್ರಮಬದ್ಧ ಚಲನೆಗಳನ್ನು, ತಪ್ಪಿಲ್ಲದೆ ಮಾಡಿ ತೋರಿಸಿದಳು. ಆದರೆ ಗೆಳತಿ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಾಗ ಬಿಡಿಸಿಕೊಳ್ಳಲು ಆಗಲಿಲ್ಲ. “ಹೀಗೆ ಗಟ್ಟಿಯಾಗಿ ಹಿಡಿದು ಅಭ್ಯಾಸ ಮಾಡಿಲ್ಲ ಮಿಸ್” ಎಂದಳು. ಹಾಗಾದರೆ ಯಾವ ಶೈಲಿ ಉಪಯುಕ್ತ?

ಕರಾಟೆ: ಓಕಿನಾವಾ ಮೂಲದ ಈ ಕಲೆಯಲ್ಲಿ ಹೊಡೆತ ಮತ್ತು ತಡೆ ಮುಖ್ಯ. ಚಾಪೆ ಬೇಕಿಲ್ಲ; ಮೈದಾನದಲ್ಲಿ ಇಡೀ ತರಗತಿಗೆ ಒಟ್ಟಿಗೆ ಕಲಿಸಬಹುದು. ಆದರೆ ಬರೀ ಗಾಳಿಗೆ ಹೊಡೆಯುವುದಕ್ಕೇ ಕಲಿಕೆ ನಿಂತುಬಿಡುವ ಅಪಾಯವಿದೆ.

ಟೇಕ್ವಾಂಡೋ: ಕೊರಿಯಾದ ಈ ಕಲೆ 2000ರಲ್ಲಿ ಒಲಿಂಪಿಕ್ಸ್ ಪದಕ ಕ್ರೀಡೆಯಾಯಿತು. ಒದೆತವೇ ಇದರ ಬಲ. ಆದರೆ ತುಂಬಿದ ಬಸ್ಸಿನಲ್ಲಿ ಕಾಲೆತ್ತಲು ಜಾಗವಿರುವುದಿಲ್ಲ.

ಜೂಡೋ: 1882ರಲ್ಲಿ ಇದನ್ನು ರೂಪಿಸಿದ ಜಿಗೋರೊ ಕಾನೊ ಸ್ವತಃ ಶಿಕ್ಷಣತಜ್ಞರು, ಟೋಕಿಯೋದ ಶಿಕ್ಷಕರ ತರಬೇತಿ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ‘ರಂದೋರಿ’ಯಲ್ಲಿ ನಿಜವಾಗಿಯೂ ಪ್ರತಿರೋಧಿಸುವ ಜೊತೆಗಾರರೊಂದಿಗೆ ಅಭ್ಯಾಸ ನಡೆಯುತ್ತದೆ. ಪೆಟ್ಟಾಗದಂತೆ ಬೀಳುವುದನ್ನೂ ಕಲಿಸುತ್ತಾರೆ. ಆದರೆ ಚಾಪೆ ಮತ್ತು ನುರಿತ ತರಬೇತುದಾರರು ಬೇಕೇ ಬೇಕು.

ಶೈಲಿಯ ಹೆಸರಿಗಿಂತ ಅಭ್ಯಾಸದ ಕ್ರಮವೇ ಮುಖ್ಯ ಎಂಬುದು ಈ ಹೋಲಿಕೆಯಿಂದ ನನಗೆ ತಿಳಿದದ್ದು. ಸೂತ್ರ ಬಾಯಿಪಾಠ ಮಾಡಿದವರು ಹೊಸ ಲೆಕ್ಕದ ಮುಂದೆ ತಡವರಿಸುವಂತೆಯೇ ಇದೂ.

ದೈಹಿಕ ಶಿಕ್ಷಕಿಯವರ ಮೇಲ್ವಿಚಾರಣೆಯಲ್ಲಿ ಮಣಿಕಟ್ಟು ಬಿಡಿಸಿಕೊಳ್ಳುವುದನ್ನೇ ವಿಜ್ಞಾನದ ಚಟುವಟಿಕೆಯಾಗಿಸಿದೆವು. ಹಿಡಿತದ ದುರ್ಬಲ ಜಾಗ ಹೆಬ್ಬೆರಳು ಮತ್ತು ಇತರ ಬೆರಳುಗಳ ತುದಿ ಸೇರುವ ಸಂದು. ಸುಮ್ಮನೆ ಹಿಂದಕ್ಕೆ ಎಳೆದರೆ ಇಡೀ ಹಿಡಿತದ ಎದುರು ಸೆಣಸಬೇಕು. ಮಣಿಕಟ್ಟನ್ನು ಆ ಸಂದಿನತ್ತ ತಿರುಗಿಸಿ, ಮೊಣಕೈ ಮಡಚುತ್ತಾ ಮುಂದೊತ್ತಿದರೆ ಮುಂಗೈ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮೊದಲು ಸಡಿಲ ಹಿಡಿತ, ಆಮೇಲೆ ಬಿಗಿ ಹಿಡಿತ. “ಸಾಕು” ಎಂದೊಡನೆ ಬಿಡಬೇಕು. ಬಿಡಿಸಿಕೊಂಡವಳು ತಿರುಗಿ ಹೊಡೆಯದೆ ದೂರ ಓಡಬೇಕು, ಏಕೆಂದರೆ ಗುರಿ ಗೆಲುವಲ್ಲ, ಪಾರಾಗುವುದು.

ಕೆಲವು ದಿನಗಳಲ್ಲಿ ಆ ಹುಡುಗಿ ಬಿಡಿಸಿಕೊಂಡಳು. ಆದರೆ “ಬಿಡು!” ಎಂದು ಕೂಗಲು ಹೇಳಿದಾಗ ಯಾರ ದನಿಯೂ ಏಳಲಿಲ್ಲ. ವರ್ಷವಿಡೀ “ಸದ್ದು ಮಾಡಬೇಡಿ” ಎಂದವರು ನಾವೇ ತಾನೇ? ಹಾಗಾಗಿ ಕೂಗುವುದು, ನಂಬಿಕೆಯ ಹಿರಿಯರಿಗೆ ಹೇಳುವುದು, 112 ಮತ್ತು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಇವನ್ನೂ ಪಾಠಯೋಜನೆಯಲ್ಲಿ ಸೇರಿಸಿದೆ. ಯಾವ ಶೈಲಿಯನ್ನು ಕಲಿಸಿದರೂ ಈ ಭಾಗವನ್ನು ಮಾತ್ರ ಬಿಡಬಾರದು.