ಸೋಲದವನೆಲ್ಲ ಸಾರ್ವಕಾಲಿಕ ಶ್ರೇಷ್ಠನೇ?

2025ರ ಸೆಪ್ಟೆಂಬರ್‌ನಲ್ಲಿ ಬಾಕ್ಸರ್ ಟೆರೆನ್ಸ್ ಕ್ರಾಫರ್ಡ್ ಎರಡು ತೂಕದ ವಿಭಾಗ ಮೇಲೇರಿ ಬಂದು, ಲಾಸ್ ವೇಗಸ್‌ನಲ್ಲಿ ಕನೆಲೊ ಅಲ್ವಾರೆಜ್‌ನನ್ನು ಸೋಲಿಸಿದ. ನಮಗದು ಭಾನುವಾರದ ಬೆಳಗು. ಪಕ್ಕದಲ್ಲಿ ಕೂತಿದ್ದ ನನ್ನ ಅಕ್ಕನ ಮಗ ತೀರ್ಪಿಗೂ ಕಾಯಲಿಲ್ಲ: “ಮಾವ, ಇಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟೋದೂ ಇಲ್ಲ.” ನಾನೂ ಮೈಮರೆತು ನೋಡಿದ್ದೆ. ಆದರೂ ಆ ಮಾತಿಗೆ ಹೂಂಗುಟ್ಟಲು ಮನಸ್ಸು ಬರಲಿಲ್ಲ.

ಅವನು ಕೊಟ್ಟ ಸಾಕ್ಷಿ ಒಂದೇ: 42 ಪಂದ್ಯ, 42 ಗೆಲುವು. ಅದಕ್ಕೆ ಕ್ರಾಫರ್ಡ್‌ಗೆ ಹಿಡಿದದ್ದು 17 ವರ್ಷ. ಶುಗರ್ ರೇ ರಾಬಿನ್ಸನ್ 1940ರ ಅಕ್ಟೋಬರ್‌ನಲ್ಲಿ ವೃತ್ತಿಗಿಳಿದು, 1943ರ ಫೆಬ್ರುವರಿಯೊಳಗೆ 40 ಪಂದ್ಯ ಗೆದ್ದಿದ್ದ. ಆಗ ಡೆಟ್ರಾಯಿಟ್‌ನಲ್ಲಿ, ಅವನಿಗಿಂತ ಸುಮಾರು ಏಳು ಕಿಲೊ ಹೆಚ್ಚು ತೂಗುತ್ತಿದ್ದ ಜೇಕ್ ಲಾಮೊಟ್ಟಾ ಅವನಿಗೆ ಮೊದಲ ಸೋಲಿನ ರುಚಿ ತೋರಿಸಿದ. ಮೂರೇ ವಾರಕ್ಕೆ ರಾಬಿನ್ಸನ್ ಅದೇ ಊರಲ್ಲಿ ಅವನೆದುರೇ ನಿಂತು ಗೆದ್ದ. ನಡುವೆ ಇನ್ನೊಬ್ಬನ ಜೊತೆಗೂ ಸೆಣಸಿದ್ದ! ನನ್ನ ಮಟ್ಟಿಗೆ ಆ ಸೋಲು ಅವನ ದಾಖಲೆಯ ಕಪ್ಪುಚುಕ್ಕೆಯಲ್ಲ, ಒಡವೆ.

ಆಗ ಮುಖ್ಯವಾಗಿ ಎಂಟೇ ವಿಭಾಗಗಳು. ಹೆನ್ರಿ ಆರ್ಮ್‌ಸ್ಟ್ರಾಂಗ್ 1938ರಲ್ಲಿ ಅವುಗಳಲ್ಲಿ ಮೂರರ ಪಟ್ಟವನ್ನು ಏಕಕಾಲಕ್ಕೆ ಹಿಡಿದಿದ್ದ. ಈಗ ವಿಭಾಗಗಳು ಅದರ ಎರಡು ಪಟ್ಟಿಗೂ ಹೆಚ್ಚು, ಪಟ್ಟ ಕೊಡುವ ಪ್ರಮುಖ ಸಂಸ್ಥೆಗಳು ನಾಲ್ಕು. ಬಲಿಷ್ಠ ಎದುರಾಳಿಯಿಂದ ದೂರವಿದ್ದೂ ಚಾಂಪಿಯನ್ ಎನಿಸಿಕೊಳ್ಳಬಹುದು. ಸೋಲಿಲ್ಲದ ದಾಖಲೆಗೆ ಮಾರುಕಟ್ಟೆಯಲ್ಲಿ ಬೆಲೆ ಇರುವಾಗ ಅದನ್ನು ಪಣಕ್ಕಿಡುವವರು ಕಡಿಮೆ. ಕ್ರಾಫರ್ಡ್ ಮತ್ತು ಎರಲ್ ಸ್ಪೆನ್ಸ್ ಮುಖಾಮುಖಿಯಾಗಲಿ ಎಂದು ನಾವು ವರ್ಷಗಟ್ಟಲೆ ಕಾದೆವು. ಅದು ನಡೆದದ್ದು 2023ರಲ್ಲಿ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಲಾಮೊಟ್ಟಾ 1947ರಲ್ಲಿ ಒಂದು ಪಂದ್ಯವನ್ನು ಬೇಕೆಂದೇ ಸೋತಿದ್ದ. 1960ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೆದುರು ಒಪ್ಪಿಕೊಂಡ. ‘ದ ರಿಂಗ್’ ಪತ್ರಿಕೆಯ ಸಂಪಾದಕ ನ್ಯಾಟ್ ಫ್ಲೈಶರ್ ತಮ್ಮ ಸಾರ್ವಕಾಲಿಕ ಹತ್ತು ಹೆವಿವೇಟ್‌ಗಳ ಪಟ್ಟಿಯಲ್ಲಿ ಮುಹಮ್ಮದ್ ಅಲಿಗೆ ಜಾಗವನ್ನೇ ಕೊಡಲಿಲ್ಲ. ಫ್ಲೈಶರ್ 1972ರಲ್ಲಿ ತೀರಿಕೊಂಡರು. ಅಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಕೆಡವಿದ್ದು 1974ರಲ್ಲಿ.

ಆದ್ದರಿಂದ ನಾನು ಸೋಲಿನ ಸಂಖ್ಯೆ ಎಣಿಸುವುದಿಲ್ಲ. ಯಾರ ಜೊತೆ, ಯಾವಾಗ, ಯಾರ ಅಂಗಳದಲ್ಲಿ ಕಾದಾಡಿದ ಎಂದು ನೋಡುತ್ತೇನೆ. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 2018ರಲ್ಲಿ ಬ್ರಿಯೆಡಿಸ್‌ನನ್ನು ರೀಗಾದಲ್ಲಿ, ಗಸ್ಸಿಯೆವ್‌ನನ್ನು ಮಾಸ್ಕೋದಲ್ಲಿ, ಬೆಲ್ಯೂವನ್ನು ಮ್ಯಾಂಚೆಸ್ಟರ್‌ನಲ್ಲಿ, ಅವರವರ ಅಭಿಮಾನಿಗಳ ನಡುವೆಯೇ ಸೋಲಿಸಿದ. ಆಮೇಲೆ ತನಗಿಂತ ದೊಡ್ಡ ಮೈಕಟ್ಟಿನ ಜೋಶುವಾನನ್ನು ಲಂಡನ್ನಿನಲ್ಲಿ ಮಣಿಸಿದ, 2024ರಲ್ಲಿ ಟೈಸನ್ ಫ್ಯೂರಿಯನ್ನೂ. ಉಸಿಕ್‌ನನ್ನು ಹಳೆಯ ದಿಗ್ಗಜರ ಸಾಲಿನಲ್ಲಿ ಕೂರಿಸಲು ನಾನು ಅವನ ನಿವೃತ್ತಿಯವರೆಗೆ ಕಾಯಬೇಕಿಲ್ಲ.